ಡಿಸೇಬಲ್ ಮಾಡಿದ ಮೇಲೂ ಮೇಲ್ ತೆರೆಯುತ್ತಿದೆ, ಏಕೆ?

ಪ್ರಶ್ನೆ: ಕೆಲಸ ಬಿಟ್ಟವರ ಖಾತೆಯನ್ನು ಆಕ್ಟಿವ್ ಡೈರೆಕ್ಟರಿಯಲ್ಲಿ (ಎಡಿ, ಕಚೇರಿಯ ಬಳಕೆದಾರರ ಖಾತೆಗಳನ್ನು ನಿರ್ವಹಿಸುವ ವ್ಯವಸ್ಥೆ) ಡಿಸೇಬಲ್ ಮಾಡಿದರೂ ಅವರ ಫೋನಿನಲ್ಲಿ ಮೈಕ್ರೋಸಾಫ್ಟ್ 365 ಮೇಲ್ ಮುಕ್ಕಾಲು ಗಂಟೆ ತೆರೆದೇ ಇರುತ್ತದೆ. ಆಡಿಟ್ ಹತ್ತಿರ ಬಂದಿದೆ. ಏನು ಮಾಡಬೇಕು?

ಉತ್ತರ 1: ಎರಡು ವಿಳಂಬಗಳು ಸೇರಿಕೊಂಡಿವೆ. ಎಡಿಯ ಬದಲಾವಣೆಗಳನ್ನು ಮೈಕ್ರೋಸಾಫ್ಟ್‌ನ ಕ್ಲೌಡ್ ಖಾತೆ ವ್ಯವಸ್ಥೆಯಾದ ಎಂಟ್ರಾಗೆ ಒಯ್ಯುವ ಎಂಟ್ರಾ ಕನೆಕ್ಟ್ ಡಿಫಾಲ್ಟಾಗಿ 30 ನಿಮಿಷಕ್ಕೊಮ್ಮೆ ಸಿಂಕ್ ಆಗುತ್ತದೆ. ಮೊದಲೇ ಕೊಟ್ಟ ಆಕ್ಸೆಸ್ ಟೋಕನ್ (ಲಾಗಿನ್ ಆದಾಗ ಸಿಗುವ ತಾತ್ಕಾಲಿಕ ಡಿಜಿಟಲ್ ಪಾಸ್) ಸಾಮಾನ್ಯವಾಗಿ 60ರಿಂದ 90 ನಿಮಿಷ ನಡೆಯುತ್ತದೆ. ಹಾಗಾಗಿ ಮೊದಲು ಎಡಿಯಲ್ಲಿ ಡಿಸೇಬಲ್ ಮಾಡಿ ಪಾಸ್‌ವರ್ಡ್ ಎರಡು ಸಲ ಬದಲಿಸಿ. ಸಿಂಕ್‌ಗೆ ಕಾಯದೆ ಎಂಟ್ರಾದಲ್ಲೂ ಖಾತೆ ಡಿಸೇಬಲ್ ಮಾಡಿ, ಕೊನೆಗೆ 'ರಿವೋಕ್ ಸೆಷನ್ಸ್' (ತೆರೆದಿರುವ ಲಾಗಿನ್ ರದ್ದು ಮಾಡುವ ಬಟನ್) ಒತ್ತಿ. ಎಡಿ ಬಿಟ್ಟು ಎಂಟ್ರಾದಲ್ಲಿ ಮಾತ್ರ ಮುಚ್ಚಿದರೆ ಮುಂದಿನ ಸಿಂಕ್ ಅದನ್ನು ಮತ್ತೆ ತೆರೆದೀತು.

ಉತ್ತರ 2: ನನಗೆ ಇದಕ್ಕಿಂತ ಹೆಚ್ಚು ಚಿಂತೆ ಎಪಿಐ ಕೀಗಳದ್ದು (ಪ್ರೋಗ್ರಾಂಗಳು ಒಳಬರಲು ಬಳಸುವ ಗುಪ್ತ ಸಂಕೇತ), ಕೆಲಸ ಬಿಟ್ಟವರಿಗೆ ಗೊತ್ತಿರುವ ಸರ್ವಿಸ್ ಅಕೌಂಟ್ (ವ್ಯಕ್ತಿಗಲ್ಲದೆ ಸಾಫ್ಟ್‌ವೇರ್‌ಗೆ ಕೊಟ್ಟ ಖಾತೆ) ಪಾಸ್‌ವರ್ಡ್‌ಗಳದ್ದು. ಎಸ್‌ಎಸ್‌ಒ (ಒಂದೇ ಲಾಗಿನ್‌ನಿಂದ ಎಲ್ಲ ಆ್ಯಪ್‌ಗಳಿಗೆ ಪ್ರವೇಶ) ಇಲ್ಲದ ಲೋಕಲ್ ಲಾಗಿನ್‌ಗಳೂ ಅಷ್ಟೇ. ಖಾತೆ ಮುಚ್ಚಿದರೂ ಇವು ಸಾಯುವುದಿಲ್ಲ. ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರರ ಹೆಸರು ಬರೆದಿಡಿ, ನೌಕರರು ಕೆಲಸ ಬಿಟ್ಟ ದಿನವೇ ಕೀ, ಪಾಸ್‌ವರ್ಡ್ ಬದಲಿಸಿ.

ಪ್ರಶ್ನೆ ಕೇಳಿದವರು: ಆಡಿಟರ್‌ಗೆ ಯಾವ ಸಾಕ್ಷಿ ಕೊಡಲಿ?

ಉತ್ತರ 3: ಎಚ್‌ಆರ್ ಟಿಕೆಟ್‌ನ ಸಮಯ, ಡಿಸೇಬಲ್ ಆದ ಸಮಯ, ಎರಡನ್ನೂ ಪಕ್ಕಪಕ್ಕ ಇಡಿ. ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 27001:2022ರ ಅನುಬಂಧ ಎ 5.18 ಪ್ರವೇಶದ ಹಕ್ಕು ಕೊಡುವ, ತೆಗೆಯುವ ಬಗ್ಗೆಯೇ ಇದೆ. ಎಂಟ್ರಾದ ಪಿ1 ಲೈಸೆನ್ಸ್‌ನಲ್ಲಿ ಸೈನ್-ಇನ್ ಲಾಗ್ 30 ದಿನ ಮಾತ್ರ ಉಳಿಯುತ್ತದೆ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ 180 ದಿನ ಕೇಳುತ್ತದೆ. ಈಗಲೇ ಸ್ಟೋರೇಜ್‌ಗೆ ಎಕ್ಸ್‌ಪೋರ್ಟ್ ಹಾಕಿ, ಹೋದ ಲಾಗ್ ಮತ್ತೆ ಸಿಗದು.