ಅಪ್‌ಡೇಟ್: ಆ ಹಳೆಯ ಫುಟ್‌ಬಾಲ್ ಆಟಗಾರನ ಗುರುತು ಸಿಕ್ಕಿತು

ಮೊದಲ ಮಹಾಯುದ್ಧಕ್ಕೆ ಮುಂಚೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್‌ನಲ್ಲಿ ಕೆಲವೇ ಪಂದ್ಯ ಆಡಿ ಕಾಣೆಯಾದ ಒಬ್ಬ ಆಟಗಾರ ಎಲ್ಲಿ ಹುಟ್ಟಿದ, ಎಲ್ಲಿ ತೀರಿಕೊಂಡ ಅಂತ ಕೇಳಿದ್ದೆನಲ್ಲ, ಅದು ಬಹುಮಟ್ಟಿಗೆ ಬಗೆಹರಿದಿದೆ.

ವಿಕ್ಟೋರಿಯಾದ ಜನನ-ಮರಣ ಸೂಚಿ ನೋಡಿ ಅಂದಿದ್ದಿರಿ. ನೋಡಿದೆ. ಅಲ್ಲಿ ಸರ್ಕಾರಿ ನೋಂದಣಿ 1853ರಿಂದಲೇ ಇದೆ, ನೂರು ವರ್ಷ ದಾಟಿದ ಜನನಗಳನ್ನು ಯಾರು ಬೇಕಾದರೂ ಹುಡುಕಬಹುದು. ಆದರೆ ಅದೇ ಹೆಸರಿನವರು ಸಾಲುಸಾಲು! ಅಂದಿನ ಪಂದ್ಯದ ವರದಿಗಳಲ್ಲೋ ಬರೀ ಮನೆತನದ ಹೆಸರು.

ಗಂಟು ಬಿಚ್ಚಿದ್ದು ಸೇನಾ ಕಡತ. ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರ ಮೊದಲ ಮಹಾಯುದ್ಧದ ಸೈನಿಕರ ಕಡತಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಹಾಕಿದೆ. ಹುಟ್ಟೂರು, ಕಸುಬು, ಹತ್ತಿರದ ಸಂಬಂಧಿ ಅಂತ ತಾಯಿಯ ಹೆಸರು, ಎಲ್ಲ ಅಲ್ಲಿತ್ತು. (ವಯಸ್ಸನ್ನು ಮಾತ್ರ ನಂಬಬೇಡಿ. ಸೈನ್ಯ ಸೇರಲು ಸುಳ್ಳು ವಯಸ್ಸು ಹೇಳಿದವರು ಬೇಕಾದಷ್ಟು ಜನ.) ತಾಯಿಯ ಹೆಸರನ್ನು ಸೂಚಿಯ ಜೊತೆ ತಾಳೆ ನೋಡಿದಾಗ ಒಂದೇ ಜನನ ಉಳಿಯಿತು.

ಮರಣ ವಿಕ್ಟೋರಿಯಾದಲ್ಲಿ ದಾಖಲಾಗಿರಲೇ ಇಲ್ಲ. ಟ್ರೋವ್‌ನ (ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಆನ್‌ಲೈನ್ ಸಂಗ್ರಹ) ಹಳೆಯ ಪತ್ರಿಕೆಗಳಲ್ಲಿ ಅವನ ತಾಯಿಯ ಮರಣ ಪ್ರಕಟಣೆ ಸಿಕ್ಕಿತು. ಅದರ ಕೊನೆಗೆ, ಪಶ್ಚಿಮ ಆಸ್ಟ್ರೇಲಿಯಾದ ಪತ್ರಿಕೆಗಳೂ ಇದನ್ನು ಹಾಕಬೇಕು ಎಂಬ ಕೋರಿಕೆ. ಅಂದರೆ ಮನೆಯವರು ಯಾರೋ ಆ ಕಡೆ ಇದ್ದರು! ಅಲ್ಲಿನ ರಾಜಧಾನಿ ಪರ್ತ್‌ನ ಕರಕಟ್ಟಾ ಸ್ಮಶಾನದ ದಾಖಲೆ ಆನ್‌ಲೈನ್‌ನಲ್ಲೇ ಇದೆ, ಪುಣ್ಯಾತ್ಮ ಅಲ್ಲಿದ್ದಾನೆ.

ಸ್ಮಶಾನದ ದಾಖಲೆಯನ್ನಷ್ಟೇ ನೆಚ್ಚಿಕೊಳ್ಳುವ ಮನಸ್ಸಿಲ್ಲ, ಹಾಗಾಗಿ ಮರಣ ಪ್ರಮಾಣಪತ್ರಕ್ಕೆ ಶುಲ್ಕ ಕಟ್ಟಿದ್ದೇನೆ. ತಂದೆ-ತಾಯಿಯ ಹೆಸರು ಅದರಲ್ಲೂ ಹೊಂದಿದರೆ ಇಲ್ಲೇ ತಿಳಿಸುತ್ತೇನೆ.