ಪದಚರ್ಚೆ: ‘ತೈಲ ಪಂಪು’ ಎಂದರೆ ಯಾವ ಪಂಪು? ಕಾರಿನ ಎಂಜಿನ್ ಪಂಪುಗಳ ಹೆಸರು, ಜಾಗ ಮತ್ತು ಕೆಡುವ ಲಕ್ಷಣಗಳ ಬಗ್ಗೆ

ಮಾನ್ಯರೇ,

ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐಯಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗೆ ಸೇರಿರುವ ವಿದ್ಯಾರ್ಥಿಗಳಿಗಾಗಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಎಂಜಿನ್ನಿನ ಪಂಪುಗಳು ಎಲ್ಲಿರುತ್ತವೆ, ಅವು ಕೆಡುತ್ತಿರುವುದನ್ನು ಹೇಗೆ ತಿಳಿಯಬೇಕು ಎಂಬ ಅಧ್ಯಾಯದಲ್ಲಿ ಕೆಲವು ಪದಗಳು ನನ್ನನ್ನು ತಡೆದು ನಿಲ್ಲಿಸಿವೆ. ಈವರೆಗೆ ನಾನು ತಲುಪಿರುವ ತೀರ್ಮಾನಗಳನ್ನೂ ಉಳಿದಿರುವ ಸಂದೇಹಗಳನ್ನೂ ತಮ್ಮ ಮುಂದಿಡುತ್ತೇನೆ.

‘ಪಂಪು’ ಎಂಬ ಪದದ ಬಗ್ಗೆ ನನಗೆ ತಕರಾರಿಲ್ಲ. ಕರಡನ್ನು ನೋಡಿದ ಹಿರಿಯರೊಬ್ಬರು ‘ರೇಚಕ’ ಎಂದು ತಿದ್ದಿದ್ದರು. ಯೋಗಾಭ್ಯಾಸಿಗಳಿಗೆ ಅದು ಉಸಿರು ಬಿಡುವ ಕ್ರಿಯೆ, ವೈದ್ಯರಿಗೆ ಭೇದಿಯ ಮದ್ದು. ಪಂಪ್‌ಸೆಟ್ಟಿನ ಪಕ್ಕದಲ್ಲೇ ಬೆಳೆದ ಹುಡುಗನಿಗೆ ಎರಡೂ ಬೇಡ. ಆದ್ದರಿಂದ ಪಂಪು ಪಂಪಾಗಿಯೇ ಉಳಿದಿದೆ.

ತೊಡಕು ಆರಂಭವಾಗುವುದು ಅದರ ಹಿಂದಿನ ಪದದಲ್ಲಿ. ಪತ್ರಿಕೆಗಳು ‘ತೈಲ ಬೆಲೆ ಏರಿಕೆ’ ಎಂದು ಬರೆದಾಗ ತೈಲವೆಂದರೆ ಪೆಟ್ರೋಲು, ಡೀಸೆಲು ಅಥವಾ ಕಚ್ಚಾ ತೈಲ. ಆದರೆ ಅನುವಾದಿತ ಕೈಪಿಡಿಗಳಲ್ಲಿ ‘ತೈಲ ಬದಲಾಯಿಸಿ’ ಎಂದಾಗ ಅದು ಎಂಜಿನ್ನಿನ ಒಳಭಾಗಗಳು ಸವೆಯದಂತೆ ಕಾಯುವ ಆಯಿಲ್. ಹೀಗಿರುವಾಗ ‘ತೈಲ ಪಂಪು ಕೆಟ್ಟಿದೆ’ ಎಂಬ ವಾಕ್ಯವನ್ನು ಓದಿದ ವಿದ್ಯಾರ್ಥಿ ಟ್ಯಾಂಕಿನ ಕಡೆಗೆ ಹೋಗಬೇಕೋ, ಎಂಜಿನ್ನಿನ ತಳ ಬಿಚ್ಚಬೇಕೋ? ‘ಪೆಟ್ರೋಲ್ ಪಂಪು’ ಎಂದು ಬಿಡಿಸಿ ಬರೆದರೂ ಬಿಡುಗಡೆಯಿಲ್ಲ. ಬೆಂಗಳೂರು, ಮೈಸೂರು ಕಡೆಯವರು ‘ಬಂಕ್’ ಎನ್ನುವ ಜಾಗವನ್ನು ಹುಬ್ಬಳ್ಳಿ, ಬೆಳಗಾವಿ ಕಡೆಯವರು ‘ಪೆಟ್ರೋಲ್ ಪಂಪ್’ ಎನ್ನುತ್ತಾರೆ. ಅಲ್ಲಿ ‘ಪಂಪಿಗೆ ಹೋಗಿ ಬರ್ತೀನಿ’ ಎಂದವರು ಗಾಡಿಗೆ ಪೆಟ್ರೋಲು ಹಾಕಿಸಲು ಹೊರಟಿರುತ್ತಾರೆ. ನಾನು ಸದ್ಯಕ್ಕೆ ಟ್ಯಾಂಕಿನಿಂದ ತರುವುದಕ್ಕೆ ‘ಇಂಧನ ಪಂಪು’ ಎಂದೂ, ಎಂಜಿನ್ನಿನೊಳಗೆ ಹರಿಸುವುದಕ್ಕೆ ‘ಆಯಿಲ್ ಪಂಪು’ ಎಂದೂ ಬಳಸಿ, ‘ತೈಲ’ವನ್ನು ಅಧ್ಯಾಯದಿಂದಲೇ ಕೈಬಿಟ್ಟಿದ್ದೇನೆ. ‘ಎಣ್ಣೆ ಪಂಪು’ ಎನ್ನಬಹುದಿತ್ತು. ತರಗತಿಯಲ್ಲಿ ನಗು ಏಳುವ ಕಾರಣವನ್ನು ತಮಗೆ ವಿವರಿಸಬೇಕಿಲ್ಲ.

ಗ್ಯಾರೇಜಿನ ಮಾತಿಗೆ ತನ್ನದೇ ಹೆಸರುಗಳಿವೆ. ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟನ್ನು ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಓಡಾಡಿಸುವ ವಾಟರ್ ಪಂಪನ್ನು ಹಲವು ಮೆಕ್ಯಾನಿಕ್ಕುಗಳು ‘ವಾಟರ್ ಬಾಡಿ’ ಎನ್ನುತ್ತಾರೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಇದ್ದ ಕಾಲದ ಕಾರುಗಳಲ್ಲಿ ಎಂಜಿನ್ನಿನ ಪಕ್ಕಕ್ಕೆ ಬೋಲ್ಟಿನಿಂದ ಬಿಗಿದಿರುತ್ತಿದ್ದ ಇಂಧನ ಪಂಪಿಗೆ ‘ಎ.ಸಿ. ಪಂಪ್’ ಎಂಬ ಹೆಸರಿತ್ತು. ಆ ಎರಡಕ್ಷರ ಒಂದು ಹಳೆಯ ತಯಾರಿಕಾ ಸಂಸ್ಥೆಯ ಗುರುತೇ ಹೊರತು, ಕಾರನ್ನು ತಂಪು ಮಾಡುವ ಎ.ಸಿ.ಗೂ ಅದಕ್ಕೂ ಸಂಬಂಧವಿಲ್ಲ. ಇಂಥ ಹೆಸರುಗಳನ್ನು ಅಶುದ್ಧವೆಂದು ಬದಿಗಿಟ್ಟರೆ ವಿದ್ಯಾರ್ಥಿ ಕೆಲಸಕ್ಕೆ ಸೇರಿದ ಮೊದಲ ದಿನವೇ ತಬ್ಬಿಬ್ಬಾಗುತ್ತಾನೆ ಎಂಬುದು ನನ್ನ ಅನಿಸಿಕೆ. ಹಾಗಾಗಿ ಮೊದಲ ಬಳಕೆಯಲ್ಲಿ ಎರಡು ಹೆಸರನ್ನೂ ಕೊಡುತ್ತಿದ್ದೇನೆ.

ಜಾಗ ಹೇಳುವಾಗ ಎದುರಾದದ್ದು ನಾನು ನಿರೀಕ್ಷಿಸದಿದ್ದ ತೊಂದರೆ. ವಾಟರ್ ಪಂಪು ‘ಎಂಜಿನ್ನಿನ ಮುಂಭಾಗದಲ್ಲಿರುತ್ತದೆ’ ಎಂದು ಬರೆಯುವುದು ವಾಡಿಕೆ. ಅಂಬಾಸಿಡರಿನಂತೆ ಎಂಜಿನ್ನನ್ನು ಉದ್ದಕ್ಕೆ ಕೂರಿಸಿದ ಕಾರಿನಲ್ಲಿ ಇದು ಸರಿ. ಬಾನೆಟ್ ಎತ್ತಿದರೆ ರೇಡಿಯೇಟರಿನ ಹಿಂದೆಯೇ, ಫ್ಯಾನಿನ ಜೊತೆಗೆ ಪಂಪು ಕಾಣುತ್ತದೆ. ಆದರೆ 1983ರಲ್ಲಿ ಬಂದ ಮಾರುತಿ 800ರಲ್ಲೂ ಅದರ ನಂತರದ ಬಹುಪಾಲು ಸಣ್ಣ ಕಾರುಗಳಲ್ಲೂ ಎಂಜಿನ್ನು ಅಡ್ಡಲಾಗಿ ಕೂತಿದೆ. ಅಲ್ಲಿ ಎಂಜಿನ್ನಿನ ‘ಮುಂಭಾಗ’ವೆಂದರೆ ಬೆಲ್ಟಿರುವ ಭಾಗ, ಅದು ಕಾರಿನ ಮುಂದಕ್ಕಲ್ಲದೆ ಪಕ್ಕಕ್ಕೆ, ಮುಂಚಕ್ರದ ಕಡೆಗೆ ತಿರುಗಿರುತ್ತದೆ. ಮುಂಭಾಗ ಎಂಬುದನ್ನು ನಂಬಿ ಹುಡುಕಿದವನಿಗೆ ರೇಡಿಯೇಟರು ಮಾತ್ರ ಸಿಗುತ್ತದೆ. ಇದಕ್ಕೆ ‘ಬೆಲ್ಟಿನ ಮಗ್ಗುಲು’ ಎಂದು ಬರೆದಿದ್ದೇನೆ. ಕೆಲವು ಎಂಜಿನ್ನುಗಳಲ್ಲಿ ಈ ಪಂಪನ್ನು ತಿರುಗಿಸುವುದು ವಾಲ್ವುಗಳು ತೆರೆದು ಮುಚ್ಚುವ ಹೊತ್ತನ್ನು ಹೊಂದಿಸುವ ಟೈಮಿಂಗ್ ಬೆಲ್ಟೇ ಆದ್ದರಿಂದ ಅದು ಮುಚ್ಚಳದ ಒಳಗೆ ಅಡಗಿರುತ್ತದೆ ಎಂಬುದನ್ನೂ ಸೇರಿಸಿದ್ದೇನೆ. ಆಯಿಲ್ ಪಂಪು ಹೊರಗಿನಿಂದ ಕಾಣುವುದೇ ಇಲ್ಲ. ಎಂಜಿನ್ನಿನ ಅಡಿಯ, ಗ್ಯಾರೇಜಿನವರು ‘ಚೇಂಬರ್’ ಎನ್ನುವ ಆಯಿಲ್ ತೊಟ್ಟಿಯೊಳಗೋ, ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲೋ ಇರುತ್ತದೆ.

ಹೆಸರಿಗಿಂತ ಕ್ರಿಯಾಪದವೇ ಮುಖ್ಯ ಎಂದು ನನಗೆ ಹೊಳೆದದ್ದು ಇಂಧನ ಪಂಪಿನ ಬಗ್ಗೆ ಬರೆಯುವಾಗ. ಹಳೆಯ ಪಂಪು ಎಂಜಿನ್ನಿನ ಬಳಿ ಕೂತು ದೂರದ ಟ್ಯಾಂಕಿನಿಂದ ಪೆಟ್ರೋಲನ್ನು ‘ಹೀರುತ್ತಿತ್ತು’. ಹೀರುವಾಗ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ, ಎಂಜಿನ್ನಿನ ಕಾವೂ ಸೇರಿಕೊಂಡು ಪೆಟ್ರೋಲು ಅಲ್ಲೇ ಆವಿಯಾಗುತ್ತದೆ, ಪಂಪಿಗೆ ಆವಿ ಮಾತ್ರ ಸಿಗುತ್ತದೆ. ಬೇಸಗೆಯಲ್ಲಿ ಪ್ರೀಮಿಯರ್ ಪದ್ಮಿನಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದವರನ್ನು ನೋಡಿದ ನೆನಪು ಹಲವರಿಗಿರಬಹುದು. ಕಾರ್ಬುರೇಟರಿನ ಬದಲು ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಷನ್ ಕಾರುಗಳ ವಿದ್ಯುತ್ ಪಂಪು ಟ್ಯಾಂಕಿನೊಳಗೇ ಮುಳುಗಿದ್ದು ಪೆಟ್ರೋಲನ್ನು ಒತ್ತಡದಿಂದ ‘ತಳ್ಳುತ್ತದೆ’. ಹೀಗಾಗಿ ಆ ತೊಂದರೆ ಬಹುಮಟ್ಟಿಗೆ ಮರೆಯಾಯಿತು. ಎರಡಕ್ಕೂ ‘ಪಂಪ್ ಮಾಡುತ್ತದೆ’ ಎಂದು ಬರೆದಿದ್ದರೆ ಕಾರಣವೇ ಕಾಣೆಯಾಗುತ್ತಿತ್ತು. ವಾಟರ್ ಪಂಪು ಹೀರಿ ಮೇಲೆತ್ತುವುದಿಲ್ಲ, ಸುತ್ತು ಹಾಕಿಸುತ್ತದೆ ಅಷ್ಟೇ; ಅದಕ್ಕೆ ‘ನೀರೆತ್ತುಕ’ ಎಂಬ ಹೊಸಪದ ಸಲ್ಲದು. ಇಂಗ್ಲಿಷಿನಲ್ಲಿ ‘ವೇಪರ್ ಲಾಕ್’ ಎನ್ನುವ ಮೇಲಿನ ಆವಿಯ ತೊಂದರೆಗೆ ಮೂಗು ಕಟ್ಟುವುದು, ಗಂಟಲು ಕಟ್ಟುವುದು ಎಂಬ ಮಾದರಿಯಲ್ಲಿ ‘ಆವಿಗಟ್ಟುವುದು’ ಎಂದು ಬರೆದಿದ್ದೇನೆ. ಇದು ಒಪ್ಪಿತವೇ?

ಸೋರಿಕೆಯ ವಿಷಯದಲ್ಲಿ ಕನ್ನಡಕ್ಕೆ ಬಡತನವಿಲ್ಲ. ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು, ಸೋರುವುದು, ಸುರಿಯುವುದು ಎಂಬ ಏರುಕ್ರಮವೇ ಪಂಪಿನ ಸೀಲು ಎಷ್ಟು ಕೆಟ್ಟಿದೆ ಎಂದು ಹೇಳಬಲ್ಲದು. ವಾಟರ್ ಪಂಪಿನ ಮೈಯಲ್ಲಿ, ಒಳಗಿನ ಸೀಲು ಸೋತಾಗ ಕೂಲಂಟು ಹೊರಬರಲೆಂದೇ ಬಿಟ್ಟಿರುವ ಸಣ್ಣ ತೂತೊಂದಿದೆ. ಇಂಗ್ಲಿಷಿನಲ್ಲಿ ಅದು ‘ವೀಪ್ ಹೋಲ್’; ಒಂದು ಅನುವಾದದಲ್ಲಿ ‘ಅಳುವ ರಂಧ್ರ’ವಾಗಿತ್ತು. ನಾನು ‘ಒಸರುಗಂಡಿ’ ಎಂದಿದ್ದೇನೆ. ಅದರ ಕೆಳಗೆ ಒಣಗಿದ ಬಣ್ಣದ ಕಲೆ ಕಂಡರೆ ಪಂಪು ಬದಲಿಸುವ ಕಾಲ ಹತ್ತಿರವಾಗಿದೆ ಎಂದು ತಿಳಿಯಬೇಕು. ಇದರೊಡನೆ ‘ಗಾಡಿ ನೀರು ಕುಡಿಯುತ್ತದೆ’ ಎಂಬ ಗ್ಯಾರೇಜಿನ ಮಾತನ್ನು ಬೆರೆಸಬಾರದು. ಹೊರಗೆಲ್ಲೂ ಹನಿಯಿಲ್ಲದೆ ನೀರು ಇಳಿಯುವಾಗ ಮಾತ್ರ ‘ಕುಡಿಯುತ್ತದೆ’ ಎನ್ನುತ್ತಾರೆ, ಆಗ ಸಂಶಯ ಪಂಪಿಗಿಂತ, ಎಂಜಿನ್ನಿನ ತಲೆಗೂ ಮೈಗೂ ನಡುವೆ ಬಿಗಿದಿರುವ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಬೀಳುತ್ತದೆ.

ಸದ್ದುಗಳಿಗೆ ಅನುಕರಣ ಪದಗಳನ್ನೇ ಬಳಸಿದ್ದೇನೆ. ಬೀಗದ ಕೈ ತಿರುಗಿಸಿದೊಡನೆ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಕೇಳಿಸುವ ‘ಗುಂಯ್’ ಎಂಬ ದನಿ ಇಂಧನ ಪಂಪು ಕೆಲಸ ಮಾಡುತ್ತಿರುವ ಗುರುತು. ಅದು ಓಡುವಾಗಲೂ ಜೋರಾಗಿ ಕೇಳುತ್ತಿದ್ದರೆ ಪಂಪು ಸವೆದಿರಬಹುದು, ಕೇಳದೇ ಹೋದರೆ ಮೊದಲು ಫ್ಯೂಸು ಮತ್ತು ರಿಲೇ ನೋಡಬೇಕು. ವಾಟರ್ ಪಂಪಿನ ಬೇರಿಂಗು ಸವೆದರೆ ‘ಗರಗರ’, ಪುಲ್ಲಿ ಅಲ್ಲಾಡಿಸಿದರೆ ‘ಲೊಡಲೊಡ’. ಆಯಿಲ್ ಒತ್ತಡ ಸಾಲದೆ ಹೋದರೆ ಎಂಜಿನ್ನಿನ ತಲೆಯಲ್ಲಿ ‘ಟಕಟಕ’. ಇವು ಪಠ್ಯಕ್ಕೆ ತಕ್ಕ ಗಾಂಭೀರ್ಯದವಲ್ಲ ಎಂಬ ಆಕ್ಷೇಪ ಈಗಾಗಲೇ ಬಂದಿದೆ. ‘ಕರ್ಕಶ ಶಬ್ದ’ ಎಂದು ಮೂರಕ್ಕೂ ಬರೆದರೆ ಗಾಂಭೀರ್ಯ ಉಳಿದೀತು, ಪತ್ತೆ ಉಳಿಯದು.

ಕಡೆಯದಾಗಿ, ‘ಪಂಪ್ ವೈಫಲ್ಯ’ ಎಂಬುದು. ಪಂಪು ಒಮ್ಮೆಲೇ ನಿಂತುಹೋಗುವುದುಂಟು, ಮೆಲ್ಲಗೆ ಶಕ್ತಿ ಕುಂದುವುದೂ ಉಂಟು. ಗ್ಯಾರೇಜಿನಲ್ಲಿ ಮೊದಲನೆಯದು ‘ಪಂಪ್ ಹೋಗಿದೆ’, ಎರಡನೆಯದು ‘ವೀಕ್ ಆಗಿದೆ’. ಊರೊಳಗೆ ಚೆನ್ನಾಗಿ ಓಡುವ ಕಾರು ಚಾರ್ಮಾಡಿ ಘಾಟಿ ಹತ್ತುವಾಗ ಮುಗ್ಗರಿಸುತ್ತಿದ್ದರೆ ಅದು ಎರಡನೆಯ ಬಗೆಯದಿರಬಹುದು. ‘ವೈಫಲ್ಯ’ ಈ ಭೇದವನ್ನು ನುಂಗಿಬಿಡುತ್ತದೆ. ಹಾಗೆಯೇ, ಚಾಲಕನ ಮುಂದಿನ ಮೀಟರು ಫಲಕದಲ್ಲಿ, ನಮ್ಮ ಹುಡುಗರು ಅಲ್ಲಾವುದ್ದೀನನ ದೀಪ ಎಂದು ಕರೆಯುವ ಆಯಿಲ್‌ನ ಕೆಂಪು ದೀಪ ಹೊತ್ತಿದಾಗ ‘ಆಯಿಲ್ ಕಡಿಮೆಯಾಗಿದೆ’ ಎಂದು ಬರೆಯುವುದು ಅಪಾಯಕರ. ಆ ದೀಪ ಹೇಳುವುದು ಒತ್ತಡವನ್ನು, ಮಟ್ಟವನ್ನಲ್ಲ. ಆಯಿಲ್ ತುಂಬಿದ್ದರೂ ಪಂಪು ಕೆಟ್ಟಿದ್ದರೆ ಅದು ಹೊತ್ತುತ್ತದೆ, ಆಗ ಎಂಜಿನ್ನನ್ನು ಕೂಡಲೇ ನಿಲ್ಲಿಸಬೇಕು.

ನಿಧಾನವಾಗಿ ಶಕ್ತಿ ಕುಂದುವ ಸ್ಥಿತಿಗೆ ‘ಸೊರಗುವುದು’ ಎಂದು ಬರೆಯಬಹುದೇ, ಅಥವಾ ನಿಮ್ಮ ಊರಿನ ಪಂಪ್‌ಸೆಟ್ಟಿನವರು, ಲಾರಿ ಚಾಲಕರು ಇದಕ್ಕೆ ಬೇರೆ ಮಾತು ಬಳಸುತ್ತಾರೆಯೇ? ‘ಒಸರುಗಂಡಿ’ಯಲ್ಲಿ ‘ಗಂಡಿ’ ಎಂಬುದು ಕರಾವಳಿಯವರಿಗೂ ಕಲಬುರಗಿಯವರಿಗೂ ಒಂದೇ ಅರ್ಥ ಕೊಡುತ್ತದೆಯೇ? ಊರಿನ ಹೆಸರಿನೊಡನೆ ತಿಳಿಸಿದರೆ ಕೈಪಿಡಿಯ ಪದಪಟ್ಟಿಯಲ್ಲಿ ಹಾಗೆಯೇ ನಮೂದಿಸುತ್ತೇನೆ.