ಸ್ಟೋರ್ ಲಾಗಿನ್‌ನಿಂದ ಅಕೌಂಟ್ಸ್ ವಿಳಾಸದಲ್ಲಿ ಮೇಲ್ ಹೋಗ್ತಿದೆ, ತಡೆಯೋದು ಹೇಗೆ?

ಪ್ರಶ್ನೆ (ಗೋಣಿಕೊಪ್ಪ): ಸರ್, ನಮ್ಮದು ಕಾಫಿ ಕ್ಯೂರಿಂಗ್ ವರ್ಕ್ಸ್. 20 ಜನ ಇದ್ದೀವಿ, ಸ್ವಂತ ಮೇಲ್ ಸರ್ವರ್, ಅದರಲ್ಲಿ ಓಡೋ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್. ಹೋದ ವಾರ ಸ್ಟೋರ್ ಹುಡುಗನ ಪಾಸ್‌ವರ್ಡ್ ಯಾರಿಗೋ ಸಿಕ್ಕಿ, ಅಕೌಂಟ್ಸ್ ವಿಳಾಸದಿಂದ ಖರೀದಿದಾರರಿಗೆ ‘ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಮೇಲ್ ಹೋಯ್ತು. ಆಫೀಸ್ ಐಪಿಗೆ ಮಾತ್ರ ಬಿಡೋಣ ಅಂದ್ರೆ, ಮಳೆಗೆ ಮರ ಬಿದ್ದು ಕೇಬಲ್ ಹೋದಾಗ ಎಲ್ಲರೂ ಮೊಬೈಲ್ ಹಾಟ್‌ಸ್ಪಾಟಲ್ಲೇ ಇರ್ತೀವಿ. ಕಳಿಸೋರ ಮೇಲಿನ ನಿಯಮಗಳ ಪಟ್ಟಿ, ಅಂದ್ರೆ ಸೆಂಡರ್ ರಿಸ್ಟ್ರಿಕ್ಷನ್ಸ್‌ನಲ್ಲಿ ಹೀಗೆ ಹಾಕಿದೀನಿ, ತಡೀತಿಲ್ಲ: ಪರ್ಮಿಟ್_ಮೈನೆಟ್‌ವರ್ಕ್ಸ್, ಪರ್ಮಿಟ್_ಸಾಸ್ಲ್_ಅಥೆಂಟಿಕೇಟೆಡ್, ರಿಜೆಕ್ಟ್_ಸೆಂಡರ್_ಲಾಗಿನ್_ಮಿಸ್‌ಮ್ಯಾಚ್.

ಉತ್ತರ: ಮೊದಲು ಆ ಪಾಸ್‌ವರ್ಡ್ ಬದಲಿಸಿ, ಮೇಲ್ ಹೋದ ಖರೀದಿದಾರರಿಗೆಲ್ಲ ಇವತ್ತೇ ಫೋನ್ ಮಾಡಿ. ಸರ್ವರ್ ಕೆಲಸ ಸಂಜೆಗಾದ್ರೂ ಆಗುತ್ತೆ, ಹೋದ ದುಡ್ಡು ವಾಪಸ್ ಬರೋದು ಕಷ್ಟ.

ಐಪಿ ಬಿಟ್ಟು ಲಾಗಿನ್ ಹಿಡಿದದ್ದು ಸರಿಯೇ. ತಪ್ಪಿರೋದು ಕ್ರಮದಲ್ಲಿ. ಪೋಸ್ಟ್‌ಫಿಕ್ಸ್ ಎಡದಿಂದ ಓದುತ್ತಾ ಬಂದು, ಪರ್ಮಿಟ್ ಸಿಕ್ಕಿದ ತಕ್ಷಣ ಆ ಪಟ್ಟಿಯನ್ನು ಅಲ್ಲಿಗೇ ಬಿಡುತ್ತೆ. ಎರಡನೇ ನಿಯಮ ಲಾಗಿನ್ ಆದವರನ್ನೆಲ್ಲ ಬಿಡೋದು, ಹಾಗಾಗಿ ಲಾಗಿನ್ ಆದವನು ಅಲ್ಲೇ ದಾಟಿಬಿಡ್ತಾನೆ; ವಿಳಾಸ ಆ ಲಾಗಿನ್‌ದಲ್ಲದಿದ್ದರೆ ತಡೆಯೋ ನಿಮ್ಮ ರಿಜೆಕ್ಟ್ ಅವನನ್ನು ನೋಡೋದೇ ಇಲ್ಲ. ಅದನ್ನು ಎಲ್ಲದಕ್ಕಿಂತ ಮುಂದೆ ತನ್ನಿ. ನಾನಾದ್ರೆ ರಿಜೆಕ್ಟ್_ಅಥೆಂಟಿಕೇಟೆಡ್_ಸೆಂಡರ್_ಲಾಗಿನ್_ಮಿಸ್‌ಮ್ಯಾಚ್ ಹಾಕ್ತೀನಿ; ಲಾಗಿನ್ ಆದವರನ್ನಷ್ಟೇ ಪರೀಕ್ಷಿಸೋದ್ರಿಂದ ಲಾಗಿನ್ ಇಲ್ಲದೆ ಮೇಲ್ ಕಳಿಸೋ ಸ್ಕ್ಯಾನರ್‌ಗೆ ತೊಂದರೆ ಇಲ್ಲ.

ಯಾವ ವಿಳಾಸ ಯಾರದ್ದು ಅನ್ನೋದನ್ನ ಸೆಂಡರ್ ಲಾಗಿನ್ ಮ್ಯಾಪ್ಸ್ ಟೇಬಲ್‌ನಲ್ಲಿ ಬರೀಬೇಕು: ಎಡಕ್ಕೆ ವಿಳಾಸ, ಬಲಕ್ಕೆ ಲಾಗಿನ್ ಹೆಸರು. ಅಕೌಂಟ್ಸ್‌ನಲ್ಲಿ ಇಬ್ಬರಿದ್ದರೆ ಇಬ್ಬರದ್ದೂ. ಟೇಬಲ್‌ನಲ್ಲಿ ಇಲ್ಲದ ವಿಳಾಸವೂ ತಿರಸ್ಕೃತ ಆಗುತ್ತೆ, ಹಾಗಾಗಿ 20 ಜನರದ್ದೂ ಬೇಕು. ಟೇಬಲ್ ಹ್ಯಾಶ್ ಫೈಲಾದ್ರೆ, ತಿದ್ದಿದಾಗೆಲ್ಲ ಅದನ್ನು ಪೋಸ್ಟ್‌ಫಿಕ್ಸ್ ಓದೋ ರೂಪಕ್ಕೆ ತರೋ ಪೋಸ್ಟ್‌ಮ್ಯಾಪ್ ಕಮಾಂಡ್ ಓಡಿಸಿ.

ಎರಡು ದಿನ ಆ ರಿಜೆಕ್ಟ್ ನಿಯಮಕ್ಕಿಂತ ಮೊದಲು, ಅದರ ಎಡಕ್ಕೇ, ವಾರ್ನ್_ಇಫ್_ರಿಜೆಕ್ಟ್ ಸೇರಿಸಿಡಿ. ಮೇಲ್ ನಿಲ್ಲಲ್ಲ, ಲಾಗ್‌ನಲ್ಲಿ ಎಚ್ಚರಿಕೆ ಬೀಳುತ್ತೆ. ಯಾರನ್ನು ಬಿಟ್ಟಿದ್ದೀರಿ ಅಂತ ಗೊತ್ತಾಗುತ್ತೆ. ಆಮೇಲೆ ತೆಗೀರಿ.

ಮರುಪ್ರಶ್ನೆ: ಕೊಯ್ಲಿನ ಹೊತ್ತಿಗೆ ಬರೋ ತಾತ್ಕಾಲಿಕ ಗುಮಾಸ್ತರು ಆಫೀಸಿನೊಳಗೆ ಮಾತ್ರ ಮೇಲ್ ಕಳಿಸೋ ಹಾಗೆ ಮಾಡಬಹುದಾ ಸರ್?

ಉತ್ತರ: ಮಾಡಬಹುದು, ಪೋಸ್ಟ್‌ಫಿಕ್ಸ್ 2.11 ಅಥವಾ ಅದಕ್ಕಿಂತ ಹೊಸದಿದ್ದರೆ. ಅದರಲ್ಲಿ ಚೆಕ್_ಸಾಸ್ಲ್_ಆಕ್ಸೆಸ್ ಇದೆ, ಲಾಗಿನ್ ಹೆಸರನ್ನೇ ಟೇಬಲ್‌ನಲ್ಲಿ ಹುಡುಕುತ್ತೆ. ಆ ಗುಮಾಸ್ತರ ಎದುರು ನೀವೇ ಮಾಡಿದ ರಿಸ್ಟ್ರಿಕ್ಷನ್ ಕ್ಲಾಸ್ (ಹೆಸರಿಟ್ಟ ನಿಯಮಗಳ ಗುಂಪು) ಹೆಸರು ಬರೀರಿ. ಕ್ಲಾಸ್‌ನೊಳಗೆ ನಿಮ್ಮ ಡೊಮೇನ್‌ಗೆ ಓಕೆ ಕೊಡೋ ಚೆಕ್_ರೆಸಿಪಿಯೆಂಟ್_ಆಕ್ಸೆಸ್, ಅದರ ನಂತರ ರಿಜೆಕ್ಟ್. ಚೆಕ್_ಸಾಸ್ಲ್_ಆಕ್ಸೆಸ್ ಸಾಲನ್ನು ಮೇಲ್ ಪಡೆಯೋರ ಮೇಲಿನ ಪಟ್ಟಿ, ಅಂದ್ರೆ ರೆಸಿಪಿಯೆಂಟ್ ರಿಸ್ಟ್ರಿಕ್ಷನ್ಸ್‌ನಲ್ಲಿ ಹಾಕಿ, ಇಲ್ಲೂ ಪರ್ಮಿಟ್‌ಗಳಿಗಿಂತ ಮೊದಲು.

ಇನ್ನೊಂದು ವಿಷಯ. ಲಾಗಿನ್ ಮಿಸ್‌ಮ್ಯಾಚ್ ನಿಯಮ ನೋಡೋದು ಎನ್ವಲಪ್ ವಿಳಾಸ, ಅಂದ್ರೆ ಮೇಲ್ ಕೊಡುವಾಗ ಸರ್ವರ್‌ಗೆ ಹೇಳೋ ಕಳಿಸಿದವರ ವಿಳಾಸ. ಮೇಲ್ ತೆರೆದಾಗ ಕಾಣೋ ‘ಫ್ರಮ್’ ಬೇರೆ, ಅದನ್ನು ಇದು ಮುಟ್ಟಲ್ಲ. ಆ ದಿನದ ಲಾಗ್‌ನಲ್ಲಿ ‘ಫ್ರಮ್=’ ಪಕ್ಕ ಸ್ಟೋರ್ ವಿಳಾಸವೇ ಇದ್ದರೆ, ಮೇಲ್‌ನೊಳಗಿನ ಆ ‘ಫ್ರಮ್’ ಸಾಲನ್ನು (ಹೆಡರ್) ಪರೀಕ್ಷಿಸೋ ಮಿಲ್ಟರ್, ಅಂದ್ರೆ ಪೋಸ್ಟ್‌ಫಿಕ್ಸ್‌ಗೆ ಜೋಡಿಸೋ ಮೇಲ್ ಫಿಲ್ಟರ್, ಕೂಡ ಬೇಕಾಗುತ್ತೆ. ವಿಳಾಸಗಳನ್ನು ಅಳಿಸಿ ಆ ಸಾಲು ಇಲ್ಲಿ ಹಾಕಿ, ನೋಡ್ತೀನಿ.